ಅಮೆರಿಕದ ಸೌತ್‌ನ ಒಂದು ಕೌಂಟಿಯ ಲೋಕಲ್ ಹಿಸ್ಟರಿ ಹುಡುಕೋದು ಹೇಗೆ? ಅಲಬಾಮಾದ ಡಲ್ಲಾಸ್ ಕೌಂಟಿ ಇಟ್ಕೊಂಡು ಹಂತ ಹಂತವಾಗಿ

ಕಳೆದ ಒಂದು ವರ್ಷದಲ್ಲಿ ನಾಲ್ಕು ಮನೆಯವರು ಒಂದೇ ಗೋಳು ತಗೊಂಡು ಬಂದ್ರು. ಮಗುಗೆ ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದಾರೆ, ಸೌತ್‌ನ (ಅಮೆರಿಕದ ದಕ್ಷಿಣ ರಾಜ್ಯಗಳ) ಯಾವ್ದಾದ್ರೂ ಒಂದು ಕೌಂಟಿ (ನಮ್ಮ ಜಿಲ್ಲೆ ಥರ) ತಗೊಂಡು ಅಲ್ಲಿನ ಮುಖ್ಯ ವ್ಯಕ್ತಿಗಳು, ಘಟನೆಗಳು ಅಂತ ಬರೀಬೇಕು, ಗೂಗಲ್ ಮಾಡಿದ್ವಿ, ಹತ್ತು ಹೆಸರು ಸಿಕ್ತು, ಫೋಟೋ ಸಮೇತ ಚಾರ್ಟ್ ಮಾಡಿ ಕಳ್ಸಿದ್ವಿ, ಟೀಚರ್ ಅದ್ರಲ್ಲಿ ಅರ್ಧ ಹೆಸರು ಹೊಡೆದು ಹಾಕಿ "ಇವರು ಈ ಕೌಂಟಿಯವರಲ್ಲ" ಅಂತ ವಾಪಸ್ ಕೊಟ್ರು.

ನಾಲ್ಕೂ ಮನೇಲಿ ಆಗಿರೋ ತಪ್ಪು ಒಂದೇ. ಎಲ್ಲರೂ ಹೆಸರಿಂದ ಶುರು ಮಾಡಿದಾರೆ. ಕೌಂಟಿ ಹಿಸ್ಟರೀಲಿ ಹೆಸರು ಕೊನೇಗೆ ಬರ್ಬೇಕು. ಮೊದ್ಲು ಗಡಿ, ಆಮೇಲೆ ಊರು, ಆಮೇಲೆ ತಾರೀಖು, ಆಮೇಲೆ ಯಾವ ಕಚೇರಿ, ಇಷ್ಟೆಲ್ಲ ಆದ್ಮೇಲೆ ವ್ಯಕ್ತಿ. ಈ ಕ್ರಮ ಉಲ್ಟಾ ಮಾಡಿದ್ರೆ ಎಷ್ಟು ಗಂಟೆ ಕೂತ್ರೂ ಅಷ್ಟೇ.

ಉದಾಹರಣೆಗೆ ಸೆಲ್ಮಾ ಊರಿರೋ ಅಲಬಾಮಾದ ಡಲ್ಲಾಸ್ ಕೌಂಟಿ ತಗೊಂಡಿದೀನಿ, ಯಾಕಂದ್ರೆ ಎಷ್ಟು ಥರ ಎಡವಬಹುದೋ ಅಷ್ಟೂ ಥರ ಇಲ್ಲಿ ಎಡವಬಹುದು. ನಿಮ್ಮ ಕೌಂಟಿ ಬೇರೆ ಇದ್ರೂ ಹಂತಗಳು ಇವೇ.

## ಶುರು ಮಾಡೋಕೆ ಮುಂಚೆ ಏನೇನು ಬೇಕು

ಒಂದು ಎಕ್ಸೆಲ್ ಶೀಟ್ ಸಾಕು, ದುಡ್ಡು ಕೊಟ್ಟು ಯಾವ ಆ್ಯಪೂ ತಗೋಬೇಡಿ. ಕಾಲಂಗಳು ಹೀಗಿರ್ಲಿ: ತಾರೀಖು, ಏನಾಯ್ತು, ಯಾವ ಊರು, ಆಗ ಅದು ಯಾವ ಕೌಂಟಿ, ಈಗ ಯಾವ ಕೌಂಟಿ, ಎಲ್ಲಿ ಓದಿದ್ದು, ಎಷ್ಟು ನಂಬಿಕೆ. ಎಲ್ಲರೂ ಬಿಡೋದು ಕೊನೇ ಎರಡು ಕಾಲಂನ. ಒಂದು ವಾರ ಆದ್ಮೇಲೆ "ಇದನ್ನ ಎಲ್ಲಿ ಓದಿದ್ದೆ" ಅಂತ ತಲೆ ಕೆರ್ಕೊಳ್ಳೋದೂ ಅವರೇ.

ಹಳೇ ದಾಖಲೆ ಹುಡುಕೋ ಫ್ಯಾಮಿಲಿಸರ್ಚ್ ಸೈಟಲ್ಲಿ ಒಂದು ಫ್ರೀ ಅಕೌಂಟ್ ಮಾಡ್ಕೊಳ್ಳಿ, ಲೋಕಲ್ ಲೈಬ್ರರಿ ಕಾರ್ಡ್ ಇರ್ಲಿ. ದುಡ್ಡು ಕೊಟ್ಟು ನೋಡ್ಬೇಕಾದ ಎಷ್ಟೋ ಹಳೇ ಪೇಪರ್ ಸೈಟುಗಳು ಲೈಬ್ರರಿ ಕಾರ್ಡಿದ್ರೆ ಫ್ರೀ ಸಿಗತ್ತೆ, ಇದು ಗೊತ್ತಿಲ್ದೆ ನಾನೇ ಒಂದು ವರ್ಷ ಸಬ್‌ಸ್ಕ್ರಿಪ್ಷನ್ ಕಟ್ಟಿದೀನಿ. ಆರ್ಕೈವ್ಸ್‌ಗೆ ಹೋಗೋದಾದ್ರೆ ಪೆನ್ಸಿಲ್ ತಗೊಂಡು ಹೋಗಿ, ಹಳೇ ಕಾಗದ ಇರೋ ರೂಮಿಗೆ ಸಾಮಾನ್ಯವಾಗಿ ಪೆನ್ ಬಿಡಲ್ಲ.

## ಹಂತ 1: ಯಾವ ಡಲ್ಲಾಸ್ ಅಂತ ಮೊದ್ಲು ತೀರ್ಮಾನ ಮಾಡಿ

ಅಮೆರಿಕದಲ್ಲಿ ಡಲ್ಲಾಸ್ ಕೌಂಟಿ ಅನ್ನೋದು ಐದಿದೆ: ಅಲಬಾಮಾ, ಅರ್ಕನ್ಸಾ, ಅಯೋವಾ, ಮಿಸೌರಿ, ಟೆಕ್ಸಸ್. ಬರೀ ಡಲ್ಲಾಸ್ ಕೌಂಟಿ ಅಂತ ಟೈಪ್ ಮಾಡಿದ್ರೆ ಟೆಕ್ಸಸ್ಸೇ ಮೇಲೆ ಬಂದು ಕೂರತ್ತೆ. ನಾಲ್ಕು ಮನೇಲಿ ಒಂದು ಮನೆಯವರು ಹುಡುಗನ ಚಾರ್ಟಲ್ಲಿ ಕೆನಡಿ ಹತ್ಯೆ ಬೇರೆ ಹಾಕಿದ್ರು!

ಪಕ್ಕದ ಕೌಂಟಿಗಳದ್ದೂ ಇದೇ ಕಥೆ. ಲೌಂಡ್ಸ್ ಕೌಂಟಿ ಅಲಬಾಮಾದಲ್ಲೂ ಇದೆ, ಜಾರ್ಜಿಯಾದಲ್ಲೂ ಇದೆ, ಮಿಸಿಸಿಪ್ಪೀಲೂ ಇದೆ. ಮೇರಿಯನ್ ಅನ್ನೋದು ಪೆರ್ರಿ ಕೌಂಟಿಯ ಒಂದು ಊರು, ಆದ್ರೆ ಅದೇ ಅಲಬಾಮಾದ ಇನ್ನೊಂದು ಮೂಲೇಲಿ ಮೇರಿಯನ್ ಅಂತ ಒಂದು ಇಡೀ ಕೌಂಟಿ ಇದೆ. ಸೆಲ್ಮಾ ಹೆಸರಿನ ಊರು ಕ್ಯಾಲಿಫೋರ್ನಿಯಾದಲ್ಲೂ ಇದೆ, ನಾರ್ತ್ ಕ್ಯಾರೊಲೈನಾದಲ್ಲೂ ಇದೆ.

ಹಾಗಾಗಿ ಪ್ರತಿ ಸಲ ಊರು, ಕೌಂಟಿ, ರಾಜ್ಯ ಮೂರನ್ನೂ ಒಟ್ಟಿಗೇ ಟೈಪ್ ಮಾಡಿ. ಸಿಕ್ಕಿದ ಪೇಜಲ್ಲಿ ರಾಜ್ಯದ ಹೆಸರು ಕಾಣಿಸ್ದೇ ಇದ್ರೆ ಅದನ್ನ ಶೀಟಿಗೆ ಹಾಕ್ಲೇಬೇಡಿ.

## ಹಂತ 2: ಆ ವರ್ಷದಲ್ಲಿ ಗಡಿ ಎಲ್ಲಿತ್ತು ನೋಡಿ

ಕೌಂಟಿ ಗಡಿ ಕಲ್ಲಲ್ಲಿ ಕೆತ್ತಿಟ್ಟಿದ್ದಲ್ಲ. 1997 ಕ್ಕೆ ಮುಂಚೆ ಗದಗದಲ್ಲಿ ಹುಟ್ಟಿದವರ ಕಾಗದದಲ್ಲಿ ಧಾರವಾಡ ಜಿಲ್ಲೆ ಅಂತ ಇರತ್ತಲ್ಲ, ಅದೇ ಥರ.

ಡಲ್ಲಾಸ್ ಕೌಂಟಿ ಆಗಿದ್ದು 1818 ರಲ್ಲಿ. ಆಗ ಅಲಬಾಮಾ ಇನ್ನೂ ರಾಜ್ಯ ಕೂಡ ಆಗಿರ್ಲಿಲ್ಲ, 1819 ರ ಡಿಸೆಂಬರಲ್ಲಿ ಆಯ್ತು. 1830 ರಲ್ಲಿ ಡಲ್ಲಾಸ್, ಮಾಂಟ್ಗೊಮರಿ, ಬಟ್ಲರ್ ಈ ಮೂರರಿಂದ ಒಂದೊಂದು ತುಂಡು ತೆಗೆದು ಲೌಂಡ್ಸ್ ಕೌಂಟಿ ಮಾಡಿದ್ರು. ಅಂದ್ರೆ ಈಗ ಲೌಂಡ್ಸಲ್ಲಿರೋ ಒಂದು ಹೊಲದ 1825 ರ ಕ್ರಯಪತ್ರ ಬೇಕಂದ್ರೆ ನೀವು ಲೌಂಡ್ಸ್ ಕೋರ್ಟ್‌ಹೌಸಲ್ಲಿ ದಿನವಿಡೀ ಹುಡುಕಿದ್ರೂ ಸಿಗಲ್ಲ, ಡಲ್ಲಾಸಲ್ಲೋ ಮಾಂಟ್ಗೊಮರೀಲೋ ನೋಡ್ಬೇಕು, ಯಾಕಂದ್ರೆ ಗಡಿ ಬದಲಾದಾಗ ಹಳೇ ಪುಸ್ತಕಗಳನ್ನ ಹರಿದು ಹಂಚಲ್ಲ, ಅವು ಹಳೇ ಕೌಂಟೀಲೇ ಉಳ್ಕೊಳ್ತವೆ.

ಮಾಡೋದು ಇಷ್ಟೇ. ನಿಮ್ಮ ಕೌಂಟಿ ಯಾವ ವರ್ಷ ಆಯ್ತು, ಯಾವುದರಿಂದ ಒಡೆದು ಆಯ್ತು, ಆಮೇಲೆ ಅದರಿಂದ ಏನು ಒಡೀತು, ಈ ಮೂರು ಸಾಲು ಶೀಟಿನ ಮೇಲ್ಭಾಗದಲ್ಲಿ ಬರೆದಿಡಿ. ಯಾವುದಾದ್ರೂ ಘಟನೆಯ ತಾರೀಖು ಕೌಂಟಿ ಹುಟ್ಟಿದ ವರ್ಷಕ್ಕಿಂತ ಹಿಂದಿದ್ರೆ ಕೆಂಪು ಬಣ್ಣ ಹಾಕಿ, ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ.

## ಹಂತ 3: ಕಳೆದುಹೋದ ಊರಿನ ಹೆಸರು, ಅದರ ಸ್ಪೆಲ್ಲಿಂಗು

ಈಗ ಡಲ್ಲಾಸ್ ಕೌಂಟಿಯ ಕೇಂದ್ರ ಸೆಲ್ಮಾ. ಅದಕ್ಕೇ ಎಲ್ಲರೂ ಸೆಲ್ಮಾ ಸೆಲ್ಮಾ ಅಂತಾನೇ ಹುಡುಕ್ತಾರೆ. ಆದ್ರೆ 1866 ರವರೆಗೂ ಕೌಂಟಿ ಕೇಂದ್ರ ಇದ್ದಿದ್ದು ಕಹಾಬಾ ಅನ್ನೋ ಊರಲ್ಲಿ. 1820 ರಿಂದ ಹೆಚ್ಚುಕಮ್ಮಿ ಐದು ವರ್ಷ ಅದು ಇಡೀ ಅಲಬಾಮಾದ ರಾಜಧಾನಿ ಕೂಡ ಆಗಿತ್ತು, ಆಮೇಲೆ ರಾಜಧಾನಿ ಟಸ್ಕಲೂಸಾಗೆ ಹೋಯ್ತು. ಎರಡು ನದಿ ಸೇರೋ ಜಾಗ, ಪ್ರವಾಹ. 1865 ರಲ್ಲಿ ದೊಡ್ಡ ನೆರೆ ಬಂದ ಮೇಲೆ ಕೌಂಟಿ ಕೇಂದ್ರವೂ ಸೆಲ್ಮಾಗೆ ಹೋಗಿ, ಊರು ಖಾಲಿಯಾಗ್ತಾ ಹೋಯ್ತು. ಈಗ ಅಲ್ಲಿರೋದು ಬೀದಿಗಳ ಗುರುತು, ಕೆಲವು ಕಂಬ, ಸಮಾಧಿ. ರಾಜ್ಯ ಸರ್ಕಾರದವರು ಅದನ್ನ ಪುರಾತತ್ವ ಪಾರ್ಕ್ ಮಾಡಿ ಇಟ್ಟಿದಾರೆ.

ಎಡವಟ್ಟು ಇರೋದು ಸ್ಪೆಲ್ಲಿಂಗಲ್ಲಿ. ಇಂಗ್ಲಿಷಲ್ಲಿ ಈ ಊರನ್ನ ಎರಡು ಥರ ಬರೀತಾರೆ, ಒಂದರಲ್ಲಿ ಮಧ್ಯೆ ಡಬ್ಲ್ಯೂ ಇರತ್ತೆ, ಇನ್ನೊಂದರಲ್ಲಿ ಇರಲ್ಲ. ಒಂದು ಟೈಪ್ ಮಾಡಿದ್ರೆ ಇನ್ನೊಂದು ಸಿಗದೇ ಹೋಗಬಹುದು. ಎರಡನ್ನೂ ಬೇರೆ ಬೇರೆ ಹುಡುಕಿ. ನಿಮ್ಮ ಕೌಂಟೀಲೂ ಇಂಥ ಒಂದು ಸತ್ತ ಊರು ಇದ್ದೇ ಇರತ್ತೆ, ರೈಲು ಬರ್ಲಿಲ್ಲ ಅಂತ ಖಾಲಿಯಾಗಿದ್ದೋ, ಡ್ಯಾಮಲ್ಲಿ ಮುಳುಗಿದ್ದೋ. ಅದನ್ನ ಹಿಡೀದೇ ಇದ್ರೆ ಮೊದಲ ಐವತ್ತು ವರ್ಷದ ಹಿಸ್ಟರಿ ಕೈಗೆ ಸಿಗಲ್ಲ.

## ಹಂತ 4: ಘಟನೆಯನ್ನ ಕೌಂಟಿ ಪ್ರಕಾರ ಕತ್ತರಿಸಿ

ಎಲ್ಲಕ್ಕಿಂತ ಹೆಚ್ಚು ಜನ ಬೀಳೋದು ಇಲ್ಲೇ, ಅದಕ್ಕೇ ಸ್ವಲ್ಪ ಹೊತ್ತು ನಿಲ್ತೀನಿ. ಒಂದು ದೊಡ್ಡ ಘಟನೆ ಒಂದೇ ಕೌಂಟೀಲಿ ಶುರುವಾಗಿ ಅಲ್ಲೇ ಮುಗಿಯೋದು ಅಪರೂಪ. ಆದ್ರೆ ನಾವು ಅದಕ್ಕೊಂದು ಊರಿನ ಹೆಸರು ಅಂಟಿಸಿ ಸುಮ್ಮನಾಗ್ತೀವಿ.

ಕಪ್ಪು ಜನರ ವೋಟಿನ ಹಕ್ಕಿಗಾಗಿ ನಡೆದ 1965 ರ ಸೆಲ್ಮಾ ಚಳವಳಿ ತಗೊಳ್ಳಿ. ಶೀಟಲ್ಲಿ ಒಂದೇ ಸಾಲು ಹಾಕ್ಬೇಡಿ, ಹೀಗೆ ಒಡೀರಿ.

ಫೆಬ್ರವರಿ 18: ಚಳವಳಿಗಾರ ಜಿಮ್ಮಿ ಲೀ ಜಾಕ್ಸನ್‌ಗೆ ಪೊಲೀಸ್ ಗುಂಡು ಬಿದ್ದಿದ್ದು ಮೇರಿಯನ್ ಊರಲ್ಲಿ, ಅಂದ್ರೆ ಪೆರ್ರಿ ಕೌಂಟಿ. ಅವನು ತೀರಿಕೊಂಡಿದ್ದು ಫೆಬ್ರವರಿ 26 ಕ್ಕೆ ಸೆಲ್ಮಾದ ಆಸ್ಪತ್ರೇಲಿ, ಅಂದ್ರೆ ಡಲ್ಲಾಸ್ ಕೌಂಟಿ. ಗುಂಡು ಹಾರಿಸಿದ ರಾಜ್ಯ ಪೊಲೀಸ್‌ನವನು ತಪ್ಪೊಪ್ಪಿಕೊಂಡಿದ್ದು 2010 ರಲ್ಲಿ, ಮತ್ತೆ ಪೆರ್ರೀಲಿ. ನಲವತ್ತೈದು ವರ್ಷ ಆದ್ಮೇಲೆ! 1965 ರ ಕಾಗದ ಮಾತ್ರ ನೋಡಿದವರಿಗೆ ಇದು ಸಿಗಲ್ಲ.

ಮಾರ್ಚ್ 7: ಸುಮಾರು 600 ಜನ ಸೆಲ್ಮಾದ ಎಡ್ಮಂಡ್ ಪೆಟಸ್ ಸೇತುವೆ ದಾಟಿದಾಗ ಪೊಲೀಸರು ಹೊಡೆದಿದ್ದು, ಬ್ಲಡಿ ಸಂಡೇ ಅಂತ ಕರೀತಾರೆ. ಇದು ಡಲ್ಲಾಸ್ ಕೌಂಟೀನೇ.

ಮಾರ್ಚ್ 9: ಬಾಸ್ಟನ್ನಿಂದ ಬಂದಿದ್ದ ಪಾದ್ರಿ ಜೇಮ್ಸ್ ರೀಬ್ ಮೇಲೆ ಹಲ್ಲೆ, ಸೆಲ್ಮಾ ಬೀದೀಲಿ. ಸಾವು ಮಾರ್ಚ್ 11 ಕ್ಕೆ ಬರ್ಮಿಂಗ್‌ಹ್ಯಾಮಲ್ಲಿ, ಅದು ಜೆಫರ್ಸನ್ ಕೌಂಟಿ.

ಮಾರ್ಚ್ 21 ರಿಂದ 25: ಸೆಲ್ಮಾದಿಂದ ಮಾಂಟ್ಗೊಮರಿಗೆ 54 ಮೈಲಿ ಪಾದಯಾತ್ರೆ. ಡಲ್ಲಾಸಿಂದ ಹೊರಟು ಲೌಂಡ್ಸ್ ದಾಟಿ ಮಾಂಟ್ಗೊಮರಿ ಕೌಂಟಿ ಸೇರತ್ತೆ. ಮುಗಿದ ರಾತ್ರೀನೇ, 25 ಕ್ಕೆ, ಜನರನ್ನ ಕಾರಲ್ಲಿ ಬಿಡೋಕೆ ಹೋಗ್ತಿದ್ದ ಡೆಟ್ರಾಯ್ಟ್‌ನ ವಯೋಲಾ ಲಿಯುಝೋ ಅವರನ್ನ ಹೆದ್ದಾರೀಲಿ ಗುಂಡಿಟ್ಟು ಕೊಂದಿದ್ದು ಲೌಂಡ್ಸ್ ಕೌಂಟೀಲಿ.

ಆಗಸ್ಟ್ 20: ಸೆಲ್ಮಾದಲ್ಲಿ ಉಳ್ಕೊಂಡು ಚಳವಳಿಗೆ ಕೆಲಸ ಮಾಡ್ತಿದ್ದ ಜೊನಾಥನ್ ಡೇನಿಯಲ್ಸ್ ಹತ್ಯೆ, ಹೇನ್‌ವಿಲ್ ಊರು, ಅದೂ ಲೌಂಡ್ಸ್.

ನೋಡಿ, ಎಲ್ಲಾನೂ "ಸೆಲ್ಮಾ" ಅಂತಾನೇ ನಮ್ಮ ತಲೇಲಿ ಕೂತಿರೋದು, ಆದ್ರೆ ಕೌಂಟಿ ನಾಲ್ಕೈದು. ಟೀಚರ್ ಹೊಡೆದು ಹಾಕಿದ್ದು ಇವನ್ನೇ. ಹಾಗಂತ ಬಿಟ್ಟುಬಿಡಿ ಅಂತಲ್ಲ, ಜಾಕ್ಸನ್ ಸಾವಿಲ್ದೆ ಸೇತುವೆ ಮೇಲಿನ ಮೆರವಣಿಗೇನೇ ಇಲ್ಲ. ಎಲ್ಲಿ ಏನಾಯ್ತು ಅನ್ನೋದನ್ನ ಬಿಡಿಸಿ ಬರೀರಿ ಅಷ್ಟೇ.

ಇನ್ನೂ ಹಳೇ ಉದಾಹರಣೆ ಬೇಕಂದ್ರೆ, ಸಿವಿಲ್ ವಾರ್ ಟೈಮಲ್ಲಿ ಕಹಾಬಾದ ಒಂದು ಹತ್ತಿ ಗೋಡೌನನ್ನ ಯುದ್ಧಕೈದಿಗಳ ಜೈಲು ಮಾಡಿದ್ರು. ಅಲ್ಲಿಂದ ಬಿಡುಗಡೆಯಾಗಿ ಮನೆಗೆ ಹೊರಟ ಎಷ್ಟೋ ಸೈನಿಕರು ಸುಲ್ತಾನಾ ಅನ್ನೋ ಸ್ಟೀಮ್‌ಬೋಟ್ ಹತ್ತಿದ್ರು, ಅದು 1865 ರ ಏಪ್ರಿಲ್ 27 ಕ್ಕೆ ಮೆಂಫಿಸ್ ಹತ್ರ ಮಿಸಿಸಿಪ್ಪಿ ನದೀಲಿ ಬಾಯ್ಲರ್ ಸಿಡಿದು ಮುಳುಗ್ತು, ಸಾವಿರಕ್ಕೂ ಹೆಚ್ಚು ಜನ ಸತ್ರು. ಜೈಲು ಡಲ್ಲಾಸ್ ಕೌಂಟಿ ಹಿಸ್ಟರಿ, ದೋಣಿ ಅಲ್ಲ. ಆದ್ರೆ ಜೈಲಿನ ಕಥೆ ಮುಗಿಯೋದು ಆ ದೋಣೀಲೇ.

## ಹಂತ 5: ಆ ಕಾಗದ ಯಾವ ಕಚೇರೀಲಿದೆ

ಇಲ್ಲಿ ನಾನೇ ಬೆಪ್ಪಾಗಿದೀನಿ. ಅಟ್ಲಾಂಟಾ ಕಡೆಯಿಂದ ಮೂರೂವರೆ ಗಂಟೆ ಡ್ರೈವ್ ಮಾಡ್ಕೊಂಡು ಫೋನ್ ಕೂಡ ಮಾಡ್ದೆ ಒಂದು ಕೌಂಟಿ ಕಚೇರಿಗೆ ಶುಕ್ರವಾರ ಮಧ್ಯಾಹ್ನ ಹೋದೆ, ಯಾವ ಕೌಂಟಿ ಅಂತ ಬೇಡ, ಅಲ್ಲಿನ ಹೆಂಗಸು ತುಂಬಾ ಮರ್ಯಾದೆಯಿಂದಾನೇ "ಆ ಪುಸ್ತಕಗಳು ಈ ಬಿಲ್ಡಿಂಗಲ್ಲಿಲ್ಲ, ಕೀಲಿ ಇರೋರು ಸೋಮವಾರ ಬರ್ತಾರೆ" ಅಂದ್ರು. ಪಾರ್ಕಿಂಗಲ್ಲಿ ಕೂತು ಮನೆಯಿಂದ ಕಟ್ಕೊಂಡು ಹೋಗಿದ್ದ ಪುಳಿಯೋಗರೆ ತಿಂದು ವಾಪಸ್ ಬಂದೆ. ಮೊದ್ಲು ಫೋನ್ ಮಾಡಿ. ಮಾಡಿದಾಗ ಎರಡೇ ಪ್ರಶ್ನೆ: ಈ ವರ್ಷದ ಪುಸ್ತಕ ನಿಮ್ಮ ಹತ್ರ ಇದ್ಯಾ, ಫೋಟೋ ತೆಗೀಬಹುದಾ. ಅಂದಹಾಗೆ ಜಾರ್ಜಿಯಾದಿಂದ ಅಲಬಾಮಾಗೆ ಹೋದ್ರೆ ಗಡಿಯಾರ ಒಂದು ಗಂಟೆ ಹಿಂದೆ ಹೋಗತ್ತೆ, ಆಫೀಸ್ ಟೈಮ್ ಲೆಕ್ಕ ಹಾಕ್ವಾಗ ನೆನಪಿಟ್ಕೊಳ್ಳಿ.

ಅಲಬಾಮಾದಲ್ಲಿ ಜಮೀನು ಪತ್ರ, ವಿಲ್, ಮದುವೆ ದಾಖಲೆ ಎಲ್ಲಾ ಪ್ರೊಬೇಟ್ ಜಡ್ಜ್ ಆಫೀಸಲ್ಲಿರತ್ತೆ. ಹೆಸರಲ್ಲಿ ಜಡ್ಜ್ ಅಂತಿದ್ರೂ ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಕೆಲಸಾನೂ ಅಲ್ಲೇ. ಜಾರ್ಜಿಯಾದಲ್ಲಿ ಜಮೀನು ಪತ್ರ ಸುಪೀರಿಯರ್ ಕೋರ್ಟ್ ಕ್ಲರ್ಕ್ ಹತ್ರ, ವಿಲ್ ಪ್ರೊಬೇಟ್ ಕೋರ್ಟಲ್ಲಿ. ಒಂದು ರಾಜ್ಯದ ಅಭ್ಯಾಸ ಇನ್ನೊಂದಕ್ಕೆ ನಡೆಯಲ್ಲ. ಜಮೀನು ಪತ್ರಕ್ಕೆ ಎರಡು ಇಂಡೆಕ್ಸ್ ಇರತ್ತೆ, ಮಾರಿದವರ ಹೆಸರಿಂದ ಒಂದು, ಕೊಂಡವರ ಹೆಸರಿಂದ ಇನ್ನೊಂದು. ಎರಡನ್ನೂ ನೋಡಿ.

ಪೊಲೀಸ್ ದಾಖಲೆಗೆ ಬಂದ್ರೆ ಇನ್ನೂ ಮಜಾ. ಸೇತುವೆಯ ಆ ಒಂದು ಘಟನೆಗೆ ಮೂರು ಪಡೆ. ಸಿಟಿ ಒಳಗೆ ಅಧಿಕಾರ ಸೆಲ್ಮಾದ ಪಬ್ಲಿಕ್ ಸೇಫ್ಟಿ ಡೈರೆಕ್ಟರ್ ವಿಲ್ಸನ್ ಬೇಕರ್‌ದು, ನದಿ ದಾಟಿ ಸಿಟಿ ಗಡಿ ಮುಗೀತಿದ್ದ ಹಾಗೇ ಕೌಂಟಿ ಶೆರಿಫ್ ಜಿಮ್ ಕ್ಲಾರ್ಕ್‌ದು, ಅದರ ಮೇಲೆ ಗವರ್ನರ್ ಕಳ್ಸಿದ ರಾಜ್ಯ ಪೊಲೀಸ್. ಸೇತುವೆಯ ಆಚೆ ತುದೀಲಿ ಕಾಯ್ತಾ ನಿಂತಿದ್ದು ಶೆರಿಫ್ ಜನ, ರಾಜ್ಯ ಪೊಲೀಸ್ ಜನ. ಅಂದ್ಮೇಲೆ ಸಿಟಿ ಪೊಲೀಸ್ ಫೈಲಲ್ಲಿ ಹುಡುಕಿ "ಏನೂ ಇಲ್ಲ" ಅಂದ್ರೆ ಅದಕ್ಕೆ ಅರ್ಥ ಇಲ್ಲ, ಮೂರೂ ಕಡೆ ನೋಡ್ಬೇಕು.

ಕೋರ್ಟ್ ಇದಕ್ಕಿಂತ ಗೋಜಲು. ಡಲ್ಲಾಸ್ ಕೌಂಟಿ ಫೆಡರಲ್ ಕೋರ್ಟ್ ಲೆಕ್ಕದಲ್ಲಿ ಅಲಬಾಮಾದ ಸದರ್ನ್ ಡಿಸ್ಟ್ರಿಕ್ಟಿಗೆ ಸೇರತ್ತೆ. ಆದ್ರೆ ಪಾದಯಾತ್ರೆಗೆ ಅನುಮತಿ ಕೊಟ್ಟ ವಿಲಿಯಮ್ಸ್ ವರ್ಸಸ್ ವಾಲೇಸ್ ಕೇಸು ನಡೆದಿದ್ದು ಮಾಂಟ್ಗೊಮರೀಲಿ, ಜಡ್ಜ್ ಫ್ರ್ಯಾಂಕ್ ಜಾನ್ಸನ್ ಮುಂದೆ, ಅದು ಮಿಡಲ್ ಡಿಸ್ಟ್ರಿಕ್ಟ್. ಅನುಮತಿ ಬಂದಿದ್ದು ಮಾರ್ಚ್ 17 ಕ್ಕೆ. ನಿಯಮ ಪ್ರಕಾರ ಸದರ್ನಲ್ಲಿ ಹುಡುಕಿದವರಿಗೆ ಅದು ಸಿಗಲ್ಲ. ಇಂಥ ಹಳೇ ಫೆಡರಲ್ ಕೋರ್ಟ್ ಕಾಗದಗಳಿಗೆ ಅಟ್ಲಾಂಟಾ ಪಕ್ಕದ ಮಾರೋ ಊರಲ್ಲಿರೋ ನ್ಯಾಷನಲ್ ಆರ್ಕೈವ್ಸ್ ಶಾಖೆಗೆ ಮೊದ್ಲು ಬರೆದು ಕೇಳಿ. ರಾಜ್ಯದ ಕಾಗದಗಳಿಗೆ ಮಾಂಟ್ಗೊಮರಿಯ ಅಲಬಾಮಾ ಆರ್ಕೈವ್ಸ್, 1901 ರಿಂದ ಇರೋದು, ಆನ್‌ಲೈನಲ್ಲೂ ತುಂಬಾ ಹಾಕಿದಾರೆ.

2023 ರ ಜನವರಿ 12 ಕ್ಕೆ ಸೆಲ್ಮಾಗೆ ಟೊರ್ನೇಡೋ ಬಡಿದು ಸುಮಾರು ಹಾನಿ ಆಗಿತ್ತು, ಹಾಗಾಗಿ ಹಳೇ ಬ್ಲಾಗಲ್ಲಿ ನೋಡಿದ ಅಡ್ರೆಸ್ ನಂಬಿ ಹೊರಡ್ಬೇಡಿ.

## ಹಂತ 6: ಈಗ ವ್ಯಕ್ತಿಗಳು

ಪ್ರತಿ ಹೆಸರಿಗೂ ನಾಲ್ಕು ಖಾನೆ: ಹುಟ್ಟಿದ ಕೌಂಟಿ, ಕೆಲಸ ಮಾಡಿದ ಕೌಂಟಿ, ಸತ್ತ ಕೌಂಟಿ, ಹೂಳಿದ ಕೌಂಟಿ. "ಈ ಕೌಂಟಿಯವರು" ಅಂತ ಕರೆಯೋಕೆ ಎರಡನೇ ಖಾನೆ ಮುಖ್ಯ, ಆದ್ರೆ ಸಾಮಾನ್ಯವಾಗಿ ಜನ ಒಂದನೇದನ್ನೇ ನೋಡ್ತಾರೆ.

ಅಮೇಲಿಯಾ ಬಾಯ್ನ್‌ಟನ್ ಹುಟ್ಟಿದ್ದು ಜಾರ್ಜಿಯಾದ ಸವಾನಾದಲ್ಲಿ. ಸೆಲ್ಮಾಗೆ ಬಂದಿದ್ದು ಕೃಷಿ ಇಲಾಖೆಯ ಕೆಲಸಕ್ಕೆ, ಹಳ್ಳಿ ಮನೆಗಳಿಗೆ ಹೋಗಿ ಅಡುಗೆ, ಆಹಾರ, ಮನೆವಾರ್ತೆ ಹೇಳಿಕೊಡೋ ಹುದ್ದೆ. ದಶಕಗಟ್ಟಲೆ ಅಲ್ಲೇ ಇದ್ದು ಕಪ್ಪು ಜನರನ್ನ ವೋಟರ್ ಲಿಸ್ಟಿಗೆ ಸೇರಿಸೋಕೆ ಒದ್ದಾಡಿದ್ರು, 1964 ರಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಚುನಾವಣೆಗೇ ನಿಂತ್ರು, ಸೇತುವೆ ಮೇಲೆ ಏಟು ತಿಂದ್ರು. ಇವರು ಡಲ್ಲಾಸ್ ಕೌಂಟಿಯವರೇ, ಕಣ್ಣು ಮುಚ್ಕೊಂಡು ಹಾಕಿ. ಅದೇ ಮೆರವಣಿಗೆಯ ಮುಂದೆ ಇದ್ದ ಜಾನ್ ಲೂಯಿಸ್ ಹುಟ್ಟಿದ್ದು ಅಲಬಾಮಾದ ಪೈಕ್ ಕೌಂಟಿ, ಆಮೇಲೆ ಸಂಸದರಾಗಿದ್ದು ಜಾರ್ಜಿಯಾದಿಂದ. ಘಟನೆ ಲಿಸ್ಟಲ್ಲಿ ಹಾಕಿ, ಕೌಂಟಿ ವ್ಯಕ್ತಿಗಳ ಲಿಸ್ಟಲ್ಲಿ ಬೇಡ.

ಇನ್ನು ಸ್ಮಶಾನ. ಸೆಲ್ಮಾದ ಲೈವ್ ಓಕ್ ಸಿಮೆಟ್ರಿಗೆ ಹೋದ್ರೆ ಒಂದೇ ಕಾಂಪೌಂಡಲ್ಲಿ ಮೂರು ಜನ ಸಿಗ್ತಾರೆ. ಒಬ್ಬರು ವಿಲಿಯಂ ರೂಫಸ್ ಕಿಂಗ್, ಸೆಲ್ಮಾಗೆ ಆ ಹೆಸರಿಟ್ಟವರು, ಅಮೆರಿಕದ ಉಪಾಧ್ಯಕ್ಷ. ಕಾಯಿಲೆ ಬಿದ್ದು ಕ್ಯೂಬಾದಲ್ಲಿ ಪ್ರಮಾಣವಚನ ತಗೊಂಡು, ಊರಿಗೆ ವಾಪಸ್ ಬಂದ ಮಾರನೇ ದಿನ, 1853 ರ ಏಪ್ರಿಲ್ 18 ಕ್ಕೆ ತೀರಿಕೊಂಡ್ರು. ಇನ್ನೊಬ್ಬರು ಎಡ್ಮಂಡ್ ಪೆಟಸ್, ಕಾನ್ಫೆಡರೇಟ್ (ಸಿವಿಲ್ ವಾರಲ್ಲಿ ದಕ್ಷಿಣದ ಕಡೆಯ) ಜನರಲ್, ಆಮೇಲೆ ಸೆನೆಟರ್, ಸತ್ತಿದ್ದು 1907 ರಲ್ಲಿ, ಸೇತುವೆಗೆ ಅವರ ಹೆಸರು ಬಂದಿದ್ದು 1940 ರಲ್ಲಿ. ಮೂರನೆಯವರು ಬೆಂಜಮಿನ್ ಟರ್ನರ್. 1825 ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಗುಲಾಮಗಿರೀಲಿ ಹುಟ್ಟಿ, ಸೆಲ್ಮಾದಲ್ಲಿ ವ್ಯಾಪಾರ ಮಾಡಿ, 1871 ರಿಂದ 1873 ರವರೆಗೆ ಅಲಬಾಮಾದಿಂದ ಅಮೆರಿಕದ ಸಂಸತ್ತಿಗೆ ಹೋದ ಮೊದಲ ಕಪ್ಪು ಮನುಷ್ಯ. ಸೇತುವೆ ಹೆಸರು ಎಲ್ಲರಿಗೂ ಗೊತ್ತು, ಟರ್ನರ್ ಹೆಸರು ಎಷ್ಟು ಚಾರ್ಟಲ್ಲಿ ನೋಡಿದೀರಿ? ನಾನು ನೋಡಿದ ನಾಲ್ಕರಲ್ಲೂ ಇರ್ಲಿಲ್ಲ.

## ಹಂತ 7: ಸೆನ್ಸಸ್ಸಲ್ಲಿ ಹೆಸರೇ ಇಲ್ಲದವರು

1860 ರಲ್ಲಿ ಡಲ್ಲಾಸ್ ಕೌಂಟಿಯ ಸುಮಾರು ಮುಕ್ಕಾಲು ಪಾಲು ಜನ ಗುಲಾಮಗಿರೀಲಿದ್ದವರು. 1850, 1860 ರ ಸೆನ್ಸಸ್ಸಲ್ಲಿ ಇವರಿಗೆ ಬೇರೆ ಪಟ್ಟಿ. ಅದನ್ನ ಒಂದು ಸಲ ತೆರೆದು ನೋಡಿ: ಎಡಗಡೆ ಮಾಲೀಕನ ಹೆಸರು, ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಅಷ್ಟೇ. ಹೆಸರಿನ ಜಾಗವೇ ಇಲ್ಲ. ಹೆಸರಿಂದ ಹುಡುಕೋಕೆ ಹೋದವರು ಇಲ್ಲಿ ಗೋಡೆಗೆ ಡಿಕ್ಕಿ ಹೊಡೀತಾರೆ, ಆಮೇಲೆ "1870 ಕ್ಕೆ ಮುಂಚೆ ಬಿಳಿಯರು ಮಾತ್ರ ಇದ್ರು" ಅನ್ನೋ ಹಾಗೆ ಬರೆದು ಮುಗಿಸ್ತಾರೆ.

ಹೆಸರು ಸಿಗೋಕೆ ಶುರುವಾಗೋದು 1870 ರ ಸೆನ್ಸಸ್ಸಿಂದ. ಅದಕ್ಕಿಂತ ಸ್ವಲ್ಪ ಮುಂಚೆ ಬೇಕಂದ್ರೆ 1867 ರ ಅಲಬಾಮಾ ವೋಟರ್ ನೋಂದಣಿ ನೋಡಿ, ಬಿಡುಗಡೆಯಾದ ಗಂಡಸರ ಹೆಸರು ಅದರಲ್ಲಿದೆ. ಬಿಡುಗಡೆಯಾದ ಗುಲಾಮರಿಗೆ ಅಂತ ಇದ್ದ ಫ್ರೀಡ್‌ಮನ್ಸ್ ಬ್ಯಾಂಕ್ ಪುಸ್ತಕಗಳಲ್ಲಿ ಎಷ್ಟೋ ಸಲ ಅಪ್ಪ ಅಮ್ಮ, ಒಡಹುಟ್ಟಿದವರ ಹೆಸರೂ ಬರೆದಿರ್ತಾರೆ. ಹಿಂದಕ್ಕೆ ಹೋಗ್ಬೇಕಂದ್ರೆ ಮಾಲೀಕನ ವಿಲ್, ಆಸ್ತಿ ಪಟ್ಟಿ ಓದ್ಬೇಕು, ಅಲ್ಲಿ ಕುದುರೆ, ನೇಗಿಲು, ಮಂಚದ ಜೊತೆ ಮನುಷ್ಯರ ಹೆಸರೂ ಬೆಲೆಯೂ ಇರತ್ತೆ. ಮಕ್ಕಳ ಕೈಗೆ ಅದನ್ನ ಕೊಡೋ ಮುಂಚೆ ನೀವು ಓದಿ.

ಮಿಕ್ಕಿದ್ದು ಬೇಗ ಹೇಳ್ತೀನಿ. 1890 ರ ಸೆನ್ಸಸ್ ಬಹುಪಾಲು ಇಲ್ಲ, 1921 ರ ಬೆಂಕೀಲಿ ಹಾಳಾಯ್ತು, ಹುಡುಕಿ ಟೈಮ್ ವೇಸ್ಟ್ ಮಾಡ್ಬೇಡಿ. ಸೆನ್ಸಸ್ 72 ವರ್ಷ ಮುಚ್ಚಿರತ್ತೆ, 1950 ರದ್ದು 2022 ರಲ್ಲಿ ತೆರೀತು, 1960 ರದ್ದು 2032 ಕ್ಕೆ. ಹೆಸರಿನ ಸ್ಪೆಲ್ಲಿಂಗ್ ಬರ್ಕೊಂಡವನ ಕಿವಿಗೆ ಬಿದ್ದ ಹಾಗೆ.

## ಹಂತ 8: ಹಳೇ ಪೇಪರ್ ಓದೋ ರೀತಿ

ಪೇಪರಿನ ತಾರೀಖು ಘಟನೆಯ ತಾರೀಖಲ್ಲ. ವಾರಪತ್ರಿಕೆ ಆದ್ರೆ "ಕಳೆದ ಮಂಗಳವಾರ" ಅಂತಿರತ್ತೆ, ಅದು ಪೇಪರ್ ತಾರೀಖಿಂದ ಒಂಬತ್ತು ದಿನ ಹಿಂದಿನ ಮಂಗಳವಾರ ಕೂಡ ಆಗಿರಬಹುದು. ಪಂಚಾಂಗ ತೆಗೆದ ಹಾಗೆ ಆ ವರ್ಷದ ಕ್ಯಾಲೆಂಡರ್ ಪಕ್ಕದಲ್ಲಿಟ್ಕೊಳ್ಳಿ.

ಆಗಿನ ಬಿಳಿಯರ ಪೇಪರ್ ಒಂದನ್ನೇ ಓದಿದ್ರೆ ಅರ್ಧ ಊರು ಕಾಣಲ್ಲ. ಕಪ್ಪು ಜನರ ಮದುವೆ, ಸಾವು, ಚರ್ಚು ಎಲ್ಲಾ ಬಿಟ್ಟಿರ್ತಾರೆ, ಅಥವಾ ಮರ್ಯಾದೆ ಪದ ಇಲ್ದೆ ಬರೀ ಮೊದಲ ಹೆಸರು. ಹಳೇ ಸಿಟಿ ಡೈರೆಕ್ಟರಿಗಳಲ್ಲಿ ಹೆಸರಿನ ಪಕ್ಕ ಒಂದು ಸಿ ಅಕ್ಷರವೋ ನಕ್ಷತ್ರ ಗುರುತೋ ಇದ್ರೆ ಅವರು ಕಪ್ಪು ಜನ ಅಂತ ಸೂಚನೆ, ಪುಸ್ತಕದ ಮೊದಲ ಪುಟದಲ್ಲಿ ವಿವರ ಇರತ್ತೆ. ಸೆಲ್ಮಾಗೆ ಸೆಲ್ಮಾ ಟೈಮ್ಸ್ ಜರ್ನಲ್ ಓದಿದ್ರೆ ಅದರ ಜೊತೆ 1965 ರಿಂದ 1968 ರವರೆಗೆ ಮಾಂಟ್ಗೊಮರಿಯಿಂದ ಬರ್ತಿದ್ದ, ಚಳವಳಿಯ ಸುದ್ದಿ ಬರೀತಿದ್ದ ಸದರ್ನ್ ಕೊರಿಯರ್ ಕೂಡ ಓದಿ, ಒಂದೇ ವಾರದ ಸುದ್ದಿ ಎರಡು ಬೇರೆ ಊರಿನ ಥರ ಇರತ್ತೆ.

## ಹಂತ 9: ಸಮಾಧಿ, ರಸ್ತೆ ಬದಿಯ ಬೋರ್ಡು

ಮಾರ್ಕರ್ ಬೋರ್ಡು ಸುಳಿವು ಅಷ್ಟೇ, ಸಾಕ್ಷಿ ಅಲ್ಲ. ಯಾರು ನಿಲ್ಲಿಸಿದ್ದು, ಯಾವ ವರ್ಷ ಅಂತ ಅದರ ಬುಡದಲ್ಲಿ ಇರತ್ತೆ, ಆ ಸಾಲನ್ನೂ ಫೋಟೋ ತೆಗೀರಿ. ಘಟನೆಯಾಗಿ ನೂರು ವರ್ಷದ ಮೇಲೆ ಹಾಕಿದ ಬೋರ್ಡು ಹಾಕಿದವರ ಕಾಲದ ಮನಸ್ಸನ್ನೇ ಜಾಸ್ತಿ ಹೇಳತ್ತೆ.

ಸಮಾಧಿ ಕಲ್ಲಿನ ಅಕ್ಷರ ಕಾಣಿಸ್ದೇ ಇದ್ರೆ ಚಾಕ್ ಪೀಸ್ ಉಜ್ಜಬೇಡಿ, ಬ್ಲೀಚ್ ಹಾಕ್ಬೇಡಿ, ವೈರ್ ಬ್ರಷ್ ಅಂತೂ ಮುಟ್ಟಲೇಬೇಡಿ. ಒಂದು ಕನ್ನಡಿಯಿಂದ ಬಿಸಿಲನ್ನ ಓರೆಯಾಗಿ ಕಲ್ಲಿನ ಮೇಲೆ ಬಿಡಿ, ಸವೆದ ಅಕ್ಷರ ನೆರಳಲ್ಲಿ ಎದ್ದು ಕಾಣತ್ತೆ. ಮೊದಲ ಸಲ ಮಾಡಿದಾಗ ನನ್ನ ಮಗಳು ಮ್ಯಾಜಿಕ್ ಅಂದ್ಲು. ಜಮೀನಿನ ಒಳಗಿರೋ ಸಣ್ಣ ಸ್ಮಶಾನಕ್ಕೆ ಯಜಮಾನರನ್ನ ಕೇಳದೆ ಕಾಲಿಡಬೇಡಿ. ಬೇಸಿಗೇಲಿ ಉದ್ದ ಪ್ಯಾಂಟು, ಶೂ, ಉಣ್ಣೆ ಹುಳ ಹತ್ತತ್ತೆ, ಬೆಂಕಿ ಇರುವೆ ಗೂಡು ಹುಲ್ಲಲ್ಲಿ ಕಾಣಲ್ಲ, ಹಾವೂ ಇರತ್ತೆ.

## ಹಂತ 10: ಎರಡು ಕಡೆ ಎರಡು ಥರ ಇದ್ರೆ

ಇಷ್ಟ ಬಂದಿದ್ದನ್ನ ಆರಿಸ್ಕೋಬೇಡಿ, ಸರಾಸರೀನೂ ತೆಗೀಬೇಡಿ. ಯಾಕೆ ಬೇರೆ ಅಂತ ನೋಡಿ.

ಎಷ್ಟೋ ಸಲ ವರ್ಷ ಬೇರೆ ಇರತ್ತೆ ಅಷ್ಟೇ. ಡಲ್ಲಾಸ್ ಕೌಂಟೀಲಿ ವೋಟಿನ ವಯಸ್ಸಿನ ಕಪ್ಪು ಜನ ಸುಮಾರು 15 ಸಾವಿರ, ಅದರಲ್ಲಿ ನೋಂದಾಯಿಸಿದವರು ಒಂದು ಕಡೆ 156, ಇನ್ನೊಂದು ಕಡೆ 300 ರ ಆಸುಪಾಸು. ಜಗಳ ಇಲ್ಲ, ಮೊದಲನೇದು 1961 ರದ್ದು, ಎರಡನೇದು 1965 ರ ಶುರುವಿನದ್ದು. ವರ್ಷ ಬರೀದೆ ಅಂಕಿ ಬರೆದ್ರೆ ತಪ್ಪು ನಿಮ್ಮದು.

ಕೆಲವು ನಿಜವಾದ ಗೊಂದಲ. ಅಮೇಲಿಯಾ ಬಾಯ್ನ್‌ಟನ್ ಹುಟ್ಟಿದ್ದು 1905 ಅಂತ ಕೆಲವರು, 1911 ಅಂತ ಕೆಲವರು. ಜಾರ್ಜಿಯಾದಲ್ಲಿ ರಾಜ್ಯಮಟ್ಟದ ಜನನ ನೋಂದಣಿ ಶುರುವಾಗಿದ್ದೇ 1919 ಕ್ಕೆ, ಹಾಗಾಗಿ ಸರ್ಟಿಫಿಕೇಟ್ ಹುಡುಕಿ ಲಾಭ ಇಲ್ಲ. ಆದ್ರೆ ಒಂದು ಉಪಾಯ ಇದೆ. ಸೆನ್ಸಸ್ ನಡೆದಿದ್ದು 1910 ರ ಏಪ್ರಿಲಲ್ಲಿ. 1911 ನಿಜ ಆದ್ರೆ ಆ ಪಟ್ಟೀಲಿ ಆಕೆ ಇರಬಾರದು, 1905 ನಿಜ ಆದ್ರೆ ಸವಾನಾದ ಪ್ಲ್ಯಾಟ್ಸ್ ಅನ್ನೋರ ಮನೇಲಿ ನಾಲ್ಕು ವರ್ಷದ ಒಂದು ಹುಡುಗಿ ಇರಬೇಕು, ಪ್ಲ್ಯಾಟ್ಸ್ ಆಕೆಯ ತವರಿನ ಹೆಸರು. ಮಗುಗೆ ಇದನ್ನೇ ಹುಡುಕೋಕೆ ಕೊಡಿ, ಚಾರ್ಟಿಗಿಂತ ಇದಕ್ಕೆ ಜಾಸ್ತಿ ಹೊತ್ತು ಕೂರ್ತಾರೆ.

## ಹಂತ 11: ಬರೆಯೋದು

ಒಂದು ಘಟನೆಗೆ ಎರಡು ಮೂರು ವಾಕ್ಯ, ಅದರಲ್ಲಿ ತಾರೀಖು, ಊರು, ಆಗಿನ ಕೌಂಟಿ, ಕಾಗದ ಎಲ್ಲಿದೆ ಅನ್ನೋದು ಇರ್ಲೇಬೇಕು. "ಮಹಾನ್", "ಧೀಮಂತ" ಥರದ ಪದ ಎಲ್ಲಾ ತೆಗೀರಿ, ಜಾಗ ಉಳಿಯತ್ತೆ. ಬದುಕಿರೋ ಹಿರಿಯರನ್ನ ಮಾತಾಡಿಸಿದ್ರೆ ರೆಕಾರ್ಡ್ ಮಾಡೋ ಮುಂಚೆ ಕೇಳಿ, ಹೆಸರು ಹಾಕಬಹುದಾ ಅಂತಾನೂ ಕೇಳಿ. ಫೋಟೋ ಇಂಟರ್ನೆಟ್ಟಲ್ಲಿ ಸಿಕ್ತು ಅಂದ ಮಾತ್ರಕ್ಕೆ ಫ್ರೀ ಅಲ್ಲ, ಸೇತುವೆಯ ಫೇಮಸ್ ಫೋಟೋಗಳು ಎಷ್ಟೋ ಯಾರದೋ ಹಕ್ಕಲ್ಲಿವೆ.

ನಾಲ್ಕನೇ ಮನೆಯ ಹುಡುಗಿ ಎರಡನೇ ಸಲ ಬರೆದಿದ್ದು ಹೀಗಿತ್ತು: "1965 ಫೆಬ್ರವರಿ 18, ಪೆರ್ರಿ ಕೌಂಟಿಯ ಮೇರಿಯನ್ನಲ್ಲಿ ಜಿಮ್ಮಿ ಲೀ ಜಾಕ್ಸನ್‌ಗೆ ಗುಂಡು ತಗುಲಿತು. ಫೆಬ್ರವರಿ 26, ಡಲ್ಲಾಸ್ ಕೌಂಟಿಯ ಸೆಲ್ಮಾದಲ್ಲಿ ಸತ್ತ. ಒಂಬತ್ತು ದಿನದ ಮೇಲೆ ಜನ ಸೇತುವೆ ಹತ್ತಿದರು." ಟೀಚರ್ ಈ ಸಲ ಏನೂ ಹೊಡೆದು ಹಾಕ್ಲಿಲ್ಲ, ಪಕ್ಕದಲ್ಲಿ ಪೆನ್ಸಿಲಲ್ಲಿ "2010?" ಅಂತ ಮಾತ್ರ ಬರೆದಿದ್ರು. ಅವಳು ಆ ಸಾಲು ಬಿಟ್ಟಿದ್ಲು.